ರಾಕ್ ಗಿಟಾರ್ ದೋಷಮೀಮಾಂಸೆ

ರಾಕ್ ಸಂಗೀತದ ಇತಿಹಾಸದಲ್ಲಿ ಅತ್ಯಂತ ಪ್ರಭಾವಶಾಲಿಯಾದ ಗಿಟಾರ್ ವಾದಕನಾರೆಂಬ ಪ್ರಶ್ನೆಯು, ಪಟ್ಟಿಗಳ ಮೇಲೆ ಪಟ್ಟಿಗಳು ಪ್ರಕಟವಾಗಿ, ಗೆಳೆತನಗಳು ಮುರಿದುಬಿದ್ದು, ವಿದ್ಯಾರ್ಥಿನಿಲಯಗಳಲ್ಲಿ ಅಸಂಖ್ಯಾತ ರಾತ್ರಿಗಳು ವ್ಯಯವಾದಾಗ್ಯೂ, ಇಂದಿಗೂ ಶಾಸ್ತ್ರೀಯವಾದ ಇತ್ಯರ್ಥವನ್ನು ಕಾಣದೆ ಉಳಿದಿರುವುದು ವಿಷಾದಕರ. ಪೂರ್ವಸೂರಿಗಳಾದ ತಾರತಮ್ಯವಾದಿಗಳು ವಾದಕರ ಗುಣಗಳನ್ನು ತೂಗುತ್ತ ಕುಳಿತರಲ್ಲದೆ ದೋಷಗಳ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲವೆಂಬುದೇ ಇದಕ್ಕೆ ಕಾರಣ. ಮಮ್ಮಟನು ಕಾವ್ಯಲಕ್ಷಣವನ್ನು ಹೇಳತೊಡಗಿದಾಗ ದೋಷರಾಹಿತ್ಯವನ್ನೇ ಮೊದಲಿಗಿಟ್ಟನು. ಕವಿರಾಜಮಾರ್ಗಕಾರನು ಪ್ರಥಮ ಪರಿಚ್ಛೇದವನ್ನು ದೋಷಾದೋಷ ವಿವೇಚನೆಗೇ ಮೀಸಲಿರಿಸಿದನು. ಈ ಮಹನೀಯರಿಗೆ ಎಲೆಕ್ಟ್ರಿಕ್ ಗಿಟಾರಿನ ಪರಿಚಯವಿದ್ದಿದ್ದರೆ ಆ ಪ್ರಕರಣಗಳನ್ನು ತಲೆಕೆಳಗಾಗಿ ಬರೆಯುತ್ತಿದ್ದರೆಂಬುದರಲ್ಲಿ ನಮಗೆ ಲವಲೇಶವೂ ಸಂದೇಹವಿಲ್ಲ. ಅದೇಕೆನೆ, ರಾಕ್ ಗಿಟಾರಿನಲ್ಲಿ ದೋಷವೇ ಕಾರಣ, ಪ್ರಭಾವವೇ ಕಾರ್ಯ.

ದೋಷವು ತ್ರಿವಿಧವಾದುದು: ಆಗಂತುಕ, ಬುದ್ಧಿಪೂರ್ವಕ, ಶಾರೀರಿಕ. ಆಗಂತುಕಕ್ಕೆ ಉದಾಹರಣೆ: 1951ರಲ್ಲಿ ಐಕ್ ಟರ್ನರನ ತಂಡದವರು ‘ರಾಕೆಟ್ 88’ ಎಂಬ ಹಾಡನ್ನು ಮುದ್ರಿಸಲೆಂದು ಮೆಂಫಿಸ್ ನಗರಕ್ಕೆ ಹೋಗುತ್ತಿರಲು, ಗಿಟಾರ್ ವಾದಕ ವಿಲ್ಲಿ ಕಿಜಾರ್ಟನ ಆಂಪ್ಲಿಫಯರು ದಾರಿಯಲ್ಲಿ ಕೆಟ್ಟಿತು. ಕಾರಿನ ಮೇಲಿನಿಂದ ಬಿದ್ದು ಕೆಟ್ಟಿತೋ ಮಳೆಯಲ್ಲಿ ನೆನೆದು ಕೆಟ್ಟಿತೋ ಎಂಬಲ್ಲಿ ಪಾಠಾಂತರಗಳುಂಟು. ಉಭಯ ಪಾಠಗಳೂ ನಮಗೆ ಸಮ್ಮತವೇ. ಹಾಳಾದ ಸ್ಪೀಕರಿಗೆ ಕಾಗದವನ್ನು ತುರುಕಿ ನುಡಿಸಲು ಹೊರಟ ಗರಗರ ನಾದವನ್ನು ಸ್ಟುಡಿಯೋದ ಯಜಮಾನ ಸ್ಯಾಮ್ ಫಿಲಿಪ್ಸನು ತಿದ್ದಹೋಗದೆ ಹಾಗೆಯೇ ಮುದ್ರಿಸಿಕೊಂಡನು. ದಶಕವೊಂದು ಕಳೆಯುವಷ್ಟರಲ್ಲಿ, ನ್ಯಾಶ್‌ವಿಲ್ಲಿನಲ್ಲಿ ಗ್ರೇಡಿ ಮಾರ್ಟಿನನು ನುಡಿಸುತ್ತಿದ್ದಾಗ ಧ್ವನಿಮುದ್ರಣದ ಯಂತ್ರವೇ ಕೆಟ್ಟು ಇಂತಹುದೇ ಅಪಸ್ವರವನ್ನು ಹಡೆಯಿತು. ಆ ಕೆಡುಕನ್ನು ಪುಟ್ಟ ಪೆಟ್ಟಿಗೆಯೊಳಗೆ ಅಡಕಗೊಳಿಸಿ 1962ರಲ್ಲಿ ಗಿಬ್ಸನ್ ಕಂಪನಿಯವರು ಮಾರಾಟಕ್ಕಿಟ್ಟರು. ಕೀತ್ ರಿಚರ್ಡ್ಸನು 1965ರಲ್ಲಿ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದುದು, ಮುಂದೆ ಆ ಸ್ಥಳದಲ್ಲಿ ತುತ್ತೂರಿಗಳನ್ನು ಕೂರಿಸುವ ಉದ್ದೇಶದಿಂದ, ಕೇವಲ ಕರಡಾಗಿ. ಅವನ ಆಕ್ಷೇಪಣೆಯನ್ನು ಲೆಕ್ಕಿಸದೆ ತಂಡದ ಉಳಿದವರು ಕರಡನ್ನೇ ಪ್ರಕಟಿಸಿಬಿಟ್ಟರು. ಕರಡನ್ನು ಹದಿನಾರು ಸಲ ತಿದ್ದುವ ನಮ್ಮ ಗ್ರಂಥಕರ್ತರು ಇದನ್ನು ಗಮನಿಸತಕ್ಕದ್ದು.

ಆಗಂತುಕ ದೋಷವು ಎಲ್ಲರಿಗೂ ಲಭಿಸುವ ಭಾಗ್ಯವಲ್ಲವಾದ್ದರಿಂದ ಕೆಲವರು ಸ್ವಪ್ರಯತ್ನವನ್ನು ಆಶ್ರಯಿಸಿದರು. ಲಿಂಕ್ ರೇ ತನ್ನ ಸ್ಪೀಕರನ್ನು ಪೆನ್ಸಿಲಿನಿಂದ ತೂತುಮಾಡಿದನು. ಡೇವ್ ಡೇವೀಸನು ತನ್ನದನ್ನು ಬ್ಲೇಡಿನಿಂದ ಸೀಳಿ 1964ರಲ್ಲಿ ‘ಯು ರಿಯಲೀ ಗಾಟ್ ಮಿ’ ಎಂಬ ಹಾಡಿಗೆ ಅದರ ಗರ್ಜನೆಯನ್ನು ಕೊಟ್ಟನು. ರೇಯ 1958ರ ‘ರಂಬಲ್’ ಕೃತಿಯಲ್ಲಿ ಮಾತೆಂಬುದು ಒಂದೂ ಇಲ್ಲ. ಆದರೂ ಅದು ತರುಣರನ್ನು ದಾರಿಗೆಡಿಸೀತೆಂದು ಅಮೆರಿಕದ ಕೆಲವು ರೇಡಿಯೋ ಕೇಂದ್ರಗಳವರು ಬಹಿಷ್ಕರಿಸಿದರು. ವಾಚ್ಯಾರ್ಥವಿಲ್ಲದೆಡೆ ವ್ಯಂಗ್ಯಾರ್ಥಕ್ಕೆ ಎಡೆಯೆಲ್ಲಿಯದೆಂದು ಕೇಳುವ ಆಲಂಕಾರಿಕರಿಗೆ ಇದಕ್ಕಿಂತ ಪ್ರಬಲವಾದ ಉತ್ತರ ಬೇಕಿಲ್ಲ.

ಶಾರೀರಿಕ ದೋಷದ ಪ್ರಕರಣದಲ್ಲಿ ಲೇಖನಿ ತುಸು ನಿಧಾನಿಸುತ್ತದೆ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದವನು. ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಲುಕಿ ಅವನ ಬಲಗೈಯ ಎರಡು ಬೆರಳುಗಳ ತುದಿಗಳು ಹೋದವು. ಎಡಚನಾದ ಅವನಿಗೆ ತಂತಿಯನ್ನೊತ್ತುವ ಕೈಯೇ ಅದು. ಚೇತರಿಸಿಕೊಳ್ಳುತ್ತಿದ್ದವನಿಗೆ ಮೇಸ್ತ್ರಿಯು ತಂದು ಕೇಳಿಸಿದುದು ಜ್ಯಾಂಗೊ ರೈನ್‌ಹಾರ್ಟನ ಧ್ವನಿಮುದ್ರಿಕೆ. ಆ ಜಾಸ್ ವಾದಕನೂ ಬೆಂಕಿಯ ಅನಾಹುತದಲ್ಲಿ ಎರಡು ಬೆರಳುಗಳ ಸ್ವಾಧೀನವನ್ನು ಕಳೆದುಕೊಂಡವನು. ತರುವಾಯ ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಉಂಡೆ ಕಟ್ಟಿ, ಬೆರಳು ಹೊಗುವಂತೆ ತೂತು ಕೊರೆದು, ಉಜ್ಜಿ ನಯಗೊಳಿಸಿ, ತಂತಿ ಜಾರದಂತೆ ಹಳೆಯ ಜಾಕೆಟ್ಟಿನ ಚರ್ಮವನ್ನು ಅಂಟಿಸಿ ಬೆರಳುಗವಸುಗಳನ್ನು ತಾನೇ ಮಾಡಿಕೊಂಡನು. ಆ ಕೃತಕ ತುದಿಗಳಿಗೆ ದಪ್ಪ ತಂತಿಗಳು ಬಗ್ಗದಿರಲು ಬ್ಯಾಂಜೋ ತಂತಿಗಳನ್ನು ಬಿಗಿದನು. 1970ರ ಫೆಬ್ರವರಿ 13, ಶುಕ್ರವಾರ, ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಹೊರಬಿದ್ದಿತು. ಹೆವಿ ಮೆಟಲ್ ಸಂಪ್ರದಾಯದ ಉಗಮವನ್ನು ಬಹುಮಂದಿ ಅಲ್ಲಿಯೇ ಗುರುತಿಸುತ್ತಾರೆ. ಮುಂದೆ ಅವನು ಶ್ರುತಿಯನ್ನೇ ಕೆಳಕ್ಕಿಳಿಸಿದನು. ಹತ್ತೂ ಬೆರಳುಗಳು ನೆಟ್ಟಗಿದ್ದ ಲಕ್ಷಾಂತರ ತರುಣರು ಆ ಮಂದ್ರ ಗಾಂಭೀರ್ಯವನ್ನು ಅನುಕರಿಸುತ್ತ ಬಂದಿದ್ದಾರೆ.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ಜಿಮಿ ಹೆಂಡ್ರಿಕ್ಸನಲ್ಲಿ ದೋಷವೆಲ್ಲಿ ಎಂದು ಕೇಳುವನು. ಬಲಗೈಯವರಿಗೆಂದು ಮಾಡಿದ ಗಿಟಾರನ್ನು ತಿರುಗುಮುರುಗಾಗಿ ಹಿಡಿದು, ತಂತ್ರಜ್ಞರೆಲ್ಲರೂ ಬೆಚ್ಚಿ ತಪ್ಪಿಸಿಕೊಳ್ಳುತ್ತಿದ್ದ ಫೀಡ್‌ಬ್ಯಾಕಿನ ಕೂಗನ್ನೇ ಆಲಾಪನೆಗೆ ಬಳಸಿ, 1967ರಲ್ಲಿ ಮಾಂಟೆರೆಯ ವೇದಿಕೆಯ ಮೇಲೆ ವಾದ್ಯಕ್ಕೆ ಬೆಂಕಿಯಿಟ್ಟು, 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ಸೋಮವಾರ ಬೆಳಗ್ಗೆ, ಜನಸ್ತೋಮದ ಬಹುಭಾಗ ಊರಿಗೆ ಮರಳಿದ ಮೇಲೆ, ಅಮೆರಿಕದ ರಾಷ್ಟ್ರಗೀತೆಯನ್ನು ಬಾಂಬುಗಳ ಆರ್ತನಾದದೊಡನೆ ನುಡಿಸಿದವನಲ್ಲಿ ದೋಷವಿಲ್ಲವೆಂದರೆ ದೋಷಕ್ಕೆ ಬೇರೆ ಆಶ್ರಯವಾದರೂ ಎಲ್ಲಿ? ಸಕಲ ದೋಷಸಂಪನ್ನನಾದ್ದರಿಂದಲೇ ವಾದಕರೊಳಗೆ ಅವನು ಅಗ್ರಗಣ್ಯನು.

ಎರಿಕ್ ಕ್ಲಾಪ್ಟನನು ಸಾಕ್ಷಾತ್ ದೇವರೆಂದು ಲಂಡನ್ನಿನ ಗೋಡೆಬರಹವೊಂದು ಸಾರುತ್ತಿತ್ತು. ಇದನ್ನು ಶಾಸನವೆಂದು ಅಂಗೀಕರಿಸಲು ನಮಗೆ ಅಭ್ಯಂತರವಿಲ್ಲ. ಆದರೆ ಅದರ ಸುಪ್ರಸಿದ್ಧ ಛಾಯಾಚಿತ್ರದಲ್ಲಿ ಶ್ವಾನವೊಂದು ಅದೇ ಗೋಡೆಗೆ ಕಾಲೆತ್ತಿ ತನ್ನ ಭಿನ್ನಮತವನ್ನು ದಾಖಲಿಸಿರುವುದರಿಂದ ವಿಷಯವು ವಿವಾದಗ್ರಸ್ತವೆಂದೇ ಬಿಡುತ್ತೇವೆ. ಇನ್ನು ಪಟ್ಟಿಕಾರರ ದೋಷವೊಂದುಂಟು: ಈ ಪುರುಷರಿಗೆಲ್ಲ ಮುಂಚೆ ಚರ್ಚಿನ ಕೀರ್ತನೆಗಳಿಗೆ ಎಲೆಕ್ಟ್ರಿಕ್ ಗಿಟಾರನ್ನು ಮೊಳಗಿಸಿದ ಸಿಸ್ಟರ್ ರೊಸೆಟಾ ಥಾರ್ಪ್ 1973ರಲ್ಲಿ ತೀರಿಕೊಂಡರೆ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿನವರಿಗೆ ಆಕೆಯ ನೆನಪಾದುದು 2018ರಲ್ಲಿ. ಈ ದೋಷ ಮಾತ್ರ ಗುಣವಾಗಿ ಪರಿಣಮಿಸುವ ಲಕ್ಷಣ ಕಾಣದು.

ಹಾಗಾದರೆ ಪರಮಪೀಠ ಯಾರಿಗೆ? ದೋಷಾಧಿಕ್ಯವೇ ಪ್ರಭಾವಾಧಿಕ್ಯವಾದ ಪಕ್ಷದಲ್ಲಿ, ಗಿಟಾರ್ ವಾದಕನಿಗೆ ಸಂಭವಿಸಬಹುದಾದ ಮಹಾದೋಷವೆಂದರೆ ಗಿಟಾರ್ ನುಡಿಸಲು ಬಾರದಿರುವುದು. ಈ ಲಕ್ಷಣವು ಪೂರ್ಣವಾಗಿ ಸಮನ್ವಯಿಸುವುದು ಕ್ಯಾಲಿಫೋರ್ನಿಯದ ಫುಲ್ಲರ್‌ಟನ್ ಊರಿನಲ್ಲಿ ರೇಡಿಯೋ ರಿಪೇರಿಯಿಂದ ಜೀವನ ಸಾಗಿಸುತ್ತಿದ್ದ ಲೆಕ್ಕಪತ್ರ ಓದಿದ್ದ ಲಿಯೋ ಫೆಂಡರನಲ್ಲಿ. ಹೆಂಡ್ರಿಕ್ಸನು ತಿರುಗುಮುರುಗಾಗಿ ಹಿಡಿದ ಸ್ಟ್ರಾಟೊಕ್ಯಾಸ್ಟರನ್ನು 1954ರಲ್ಲಿ ಲೋಕಕ್ಕಿತ್ತವನು ಅವನೇ. ಗಿಟಾರ್ ನುಡಿಸುವುದನ್ನು ಅವನು ಕಡೆಯವರೆಗೂ ಕಲಿಯಲಿಲ್ಲ.