ಅಳಿಸಿದ್ದೇನೆಂದು ಬರೆದುಕೊಡುವುದು

ಮದುವೆಮನೆಯಲ್ಲಿ ‘ತಾವೇನು ಮಾಡ್ಕೊಂಡಿದೀರಿ?’ ಎಂದು ಕೇಳಿದವರಿಗೆ ಮೊದಲೆಲ್ಲ ‘ಪೀಣ್ಯದಲ್ಲಿ ಕ್ಯಾಲಿಬ್ರೇಶನ್’ ಎನ್ನುತ್ತಿದ್ದೆ. ಅವರು ತಕ್ಕಡಿ, ತೂಕದ ಬಟ್ಟು ನೆನೆದು ‘ಓ, ಸೀಲ್ ಹಾಕೋದಾ?’ ಎಂದು ಪಾಯಸದ ಕಡೆ ತಿರುಗುತ್ತಿದ್ದರು. ಈಗ ‘ಅಳಿಸೋ ಕೆಲಸ’ ಎನ್ನುತ್ತೇನೆ. ಪಾಯಸ ಸ್ವಲ್ಪ ಆರುತ್ತದೆ.

ಸುಳ್ಳೇನಲ್ಲ. 1954ರಲ್ಲಿ ಬಿಇಎಲ್ ಹುಟ್ಟಿತು. ಅಲ್ಲಿಂದೀಚೆಗೆ ಜಾಲಹಳ್ಳಿ ಸುತ್ತ ರೇಡಿಯೋ, ರಾಡಾರು. ಯಲಹಂಕದ ಕಡೆ ವಾಯುಪಡೆ. ಇಂಥ ಊರಲ್ಲಿ ಅಳೆಯುವ ಆಸಿಲೋಸ್ಕೋಪು, ಅನಲೈಸರುಗಳಿಗೇನು ಬರ? ಅವಕ್ಕೂ ವಯಸ್ಸಾಗುತ್ತದೆ, ಹರಾಜಾಗಿ ಗುಜರಿ ಸೇರುತ್ತವೆ. ಹೋಗುವಾಗ ಕಂಡದ್ದನ್ನೆಲ್ಲ ಹೊತ್ತುಕೊಂಡು ಹೋಗಬಾರದು. ಯಂತ್ರ ಯಾರದೆಂದು ನಾವು ಹೇಳುವಂತಿಲ್ಲ, ಯಂತ್ರವೂ ಹೇಳಬಾರದು.

ಹಳೇ ಕಾಲದ ಸ್ಕೋಪು ಸಾಧು ಪ್ರಾಣಿ. ಸ್ವಿಚ್ ಆರಿಸಿದರೆ ಹಸಿರು ಗೆರೆಯ ಜೊತೆ ಗುಟ್ಟೂ ಆರಿತು. ಆಮೇಲೆ ಮೆಮೊರಿ ಬಂತು. ಎಪ್ರಾಮ್ ಚಿಪ್ಪಿಗೆ ನೆತ್ತಿಯ ಮೇಲೊಂದು ಗಾಜಿನ ಕಿಟಕಿ. ಅತಿನೇರಳೆ ದೀಪದಡಿ 20 ನಿಮಿಷ ಇಟ್ಟರೆ ಬರೆದದ್ದೆಲ್ಲ ಮಾಯ. ನೇರ ಬಿಸಿಲಲ್ಲಾದರೆ ಒಂದು ವಾರ ಎಂದು ತಯಾರಕರೇ ಬರೆಯುತ್ತಿದ್ದರು, ಅಂದರೆ ಹಪ್ಪಳಕ್ಕಿಂತ ಕೊಂಚ ನಿಧಾನ. ಅದಕ್ಕೇ ಕಿಟಕಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದದ್ದು. ಇನ್ನು ಕೆಲವು ಚಿಪ್ಪಿನ ಹೊಟ್ಟೆಯೊಳಗೇ ಲಿಥಿಯಂ ಬ್ಯಾಟರಿ. ಪ್ಲಗ್ ಕಿತ್ತು ಅಟ್ಟಕ್ಕೆ ಹಾಕಿದರೂ ವರ್ಷಗಟ್ಟಲೆ ಮರೆಯದು.

ಡಿಲೀಟ್ ಒತ್ತಿದರಾಯಿತಲ್ಲ ಎನ್ನಬೇಡಿ. ಅದರಿಂದ ಸಾಮಾನ್ಯವಾಗಿ ಹೋಗುವುದು ಮನೆಯ ನಂಬರು ಮಾತ್ರ, ಒಳಗಿನ ಬಾಡಿಗೆದಾರ ಅಲ್ಲೇ ಇರುತ್ತಾನೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆದಾಗ ಕಿತ್ತಯ್ಯ ಎದ್ದು ಬರಲಿಲ್ಲವೇ? ಸುಮಾರು 750ನೇ ಇಸವಿಯಲ್ಲಿ, ಗಂಗರ ಶ್ರೀಪುರುಷನ ಕಾಲದಲ್ಲಿ, ಕಾದಾಡಿ ಸತ್ತವನ ವೀರಗಲ್ಲು ಅದು. ಊರು ತನ್ನ ಪಾಡಿಗೆ ಬೆಳೆಯಿತು. ಅಕ್ಷರ ಮಣ್ಣಡಿ ಹಾಗೇ ಮಲಗಿತ್ತು. ಬರೆದದ್ದರ ಮೇಲೆ ಬೇರೆ ಬರೆದರೆ ಅಳಿದೀತು ಎಂದರೆ, ಫ್ಲ್ಯಾಶ್ ಮೆಮೊರಿ ಅದಕ್ಕಿಂತ ಜಾಣ. ಒಂದೇ ಜಾಗ ಸವೆಯದಿರಲೆಂದು ಹೊಸದನ್ನು ಬೇರೆ ಕಡೆ ಬರೆದು, ಹಳೆಯದನ್ನು ಮೂಲೆಯಲ್ಲಿ ಬಿಟ್ಟಿರುತ್ತದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಉಜ್ಜುವಂತೆಯೂ ಇಲ್ಲ. ಕ್ಯಾಲಿಬ್ರೇಶನ್ನಿನ ಅಂಕಿಗಳೂ ಇಂಥ ಚಿಪ್ಪುಗಳಲ್ಲೇ ಇರುತ್ತವೆ. ಹೊಸತರಲ್ಲಿ ನಾನು ಉತ್ಸಾಹದಿಂದ ಅವನ್ನೂ ಗುಡಿಸಿಬಿಟ್ಟೆ. ಸ್ಕೋಪು ತನ್ನ ಗಿರಾಕಿಯನ್ನು ಮರೆತದ್ದಲ್ಲದೆ ಒಂದು ವೋಲ್ಟ್ ಎಂದರೆ ಎಷ್ಟೆಂಬುದನ್ನೂ ಮರೆಯಿತು. ಯಜಮಾನರು ಬೈಯಲಿಲ್ಲ, ಕಾಫಿ ತರಿಸಿದರು, ಒಂದೇ.

ಅಂದಿನಿಂದ ತಯಾರಕರ ಪಟ್ಟಿ ಹಿಡಿದೇ ಕೂರುವುದು: ಯಾವ ಚಿಪ್ಪು, ಏನು ಇಟ್ಟುಕೊಳ್ಳುತ್ತದೆ, ಹೇಗೆ ಅಳಿಸಬೇಕು. ಟೆಕ್ಟ್ರಾನಿಕ್ಸ್‌ನ ಕೆಲವು ಸ್ಕೋಪುಗಳಲ್ಲಿ ‘ಟೆಕ್‌ಸೆಕ್ಯೂರ್’ ಎಂಬ ಆಯ್ಕೆಯೇ ಇದೆ. ಉಳಿಸಿಟ್ಟ ತರಂಗ, ಸೆಟಪ್ಪುಗಳನ್ನು ಅಳಿಸುತ್ತದೆ. ಕೆಲವು ಚಿಪ್ಪುಗಳಿಗೆ ಮಾತ್ರ ಉಪಾಯವಿಲ್ಲ, ಬೋರ್ಡನ್ನೇ ಕಳಚಿ ಪುಡಿ ಮಾಡಬೇಕು.

ಮೊನ್ನೆ ಒಂದು ಅನಲೈಸರಿಗೆ ಎರಡು ದಿನ ಕೂತು, ಪಟ್ಟಿಯ ಪ್ರತಿ ಸಾಲಿಗೂ ಗುರುತು ಹಾಕಿ, ‘ಬಳಕೆದಾರರ ಯಾವ ಮಾಹಿತಿಯೂ ಉಳಿದಿಲ್ಲ’ ಎಂದು ಸಹಿ ಮಾಡಿ ಮೊಹರು ಒತ್ತಿದೆ. ಡಬ್ಬಕ್ಕೆ ಹಾಕುತ್ತಿದ್ದ ಹುಡುಗ ಹಿಂಬದಿ ತಿರುಗಿಸಿ, ‘ಸಾರ್, ಇದೂ ಮಾಹಿತಿನಾ?’ ಎಂದ.

ಮದುವೆಯಲ್ಲಿ ಕೊಟ್ಟ ಸ್ಟೀಲ್ ಕೊಡದ ಮೇಲೆ ಅತ್ತೆಮನೆಯವರು ಹೆಸರು ಕೊರೆಸುತ್ತಾರಲ್ಲ, ಹಾಗೆ ತಗಡಿನ ಮೇಲೆ ಚುಕ್ಕಿಚುಕ್ಕಿಯಾಗಿ ಇಲಾಖೆಯ ಹೆಸರು, ವಿಭಾಗ, ವರ್ಷ, ಸೀರಿಯಲ್ ನಂಬರು, ಎಲ್ಲ ಇತ್ತು.

ಎಮೆರಿ ಪೇಪರ್ ತರೋಕೆ ಹುಡುಗನನ್ನು ಕಳಿಸಿದೆ.