ಹಲ್ಲು ನೋಡದೆ ಕಾರು ಕೊಳ್ಳಬೇಡಿ

ರಿಪೇರಿಯಾಗಿ ಮಾರಾಟಕ್ಕೆ ನಿಂತ ಹಳೇ ವಿಲಾಯಿತಿ ಕಾರಿನ ಜಾಹೀರಾತು ಓದುವುದಕ್ಕಿಂತ ಒಳ್ಳೆಯ ಮನರಂಜನೆ ಇನ್ನೊಂದಿಲ್ಲ. ಟಾಪು ಮಡಚುವ ಮರ್ಸಿಡಿಸ್ 190 ಎಸ್‌ಎಲ್ ಅನ್ನೇ ತೆಗೆದುಕೊಳ್ಳಿ. 1955ರಿಂದ 1963ರವರೆಗೆ ಜರ್ಮನಿಯಲ್ಲಿ ತಯಾರಾದ ಗಾಡಿ. ಸೀಟಿಗೆ ಹೊಸ ಚರ್ಮ, ಹೊಸ ಕ್ರೋಮು, ಹೊಸ ಪೇಂಟು, ಹೊಸ ಬಟ್ಟೆಯ ಟಾಪು. ಎಲ್ಲಾ ಹೊಸದಾದರೆ ಹಳೆಯದು ಯಾವುದಪ್ಪಾ? ಇಸವಿ. ದುಡ್ಡು ಕೊಡುವುದು ಅದಕ್ಕೇ. ಎಷ್ಟು ಅಂತ ಹುಡುಕಿದರೆ ಕೊನೇ ಸಾಲಿನಲ್ಲಿ ‘ಆಸಕ್ತರು ವಿಚಾರಿಸಿ’ ಅಂತಿರುತ್ತದೆ.

ಈ ಗುಟ್ಟಿನ ವ್ಯಾಪಾರವೇನೂ ನಮ್ಮ ಮೂಗೂರಿನವರಿಗೆ ಹೊಸದಲ್ಲ. ತಿ.ನರಸೀಪುರ ತಾಲ್ಲೂಕಿನವರಾಗಿ ಮುಡುಕುತೊರೆಯ ದನಗಳ ಜಾತ್ರೆ ನೋಡದವರುಂಟೆ? ಅಲ್ಲೂ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಹೋಗುತ್ತದೆ, ಬೆರಳು ಬೆರಳನ್ನು ಹಿಡಿಯುತ್ತದೆ. ಮುಖದಲ್ಲಿ ಮಾತ್ರ ಏನೂ ಆಗಿಲ್ಲ ಎಂಬ ಕಳೆ. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ಗೆಜ್ಜೆ ಕಟ್ಟಿ ನಿಲ್ಲಿಸುವವರೂ ಇದ್ದಾರೆ. ಅದಕ್ಕೇ ಬಲ್ಲವರು ಕೊಂಬು ನೋಡುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ.

ಕಾರಿಗೂ ಹಲ್ಲು, ಸುಳಿ ಎಲ್ಲಾ ಇವೆ. ಚಾಸಿ ನಂಬರು, ಇಂಜಿನ್ ನಂಬರು ಕಾರ್ಖಾನೆಯ ದಾಖಲೆಗೆ ತಾಳೆಯಾದರೆ ಸುಳಿ ಶುದ್ಧ. ಇನ್ನು ಬಾಡಿ. ಟಿಂಕರಿಂಗ್ ಮಾಡಿದವನು ತುಕ್ಕು ಕೆರೆದು ತಗಡು ಹಾಕಿದನೋ, ತೂತಿಗೆ ಪುಟ್ಟಿ ಮೆತ್ತಿ ಮೇಲೆ ಪೇಂಟ್ ಹೊಡೆದನೋ? ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮೆಲ್ಲಗೆ ಸವರಿಕೊಂಡು ಹೋದರೆ ತಿಳಿಯುತ್ತದೆ. ತಗಡಿದ್ದಲ್ಲಿ ಕಚ್ಚುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರುತ್ತದೆ. ಆದರೆ 190 ಎಸ್‌ಎಲ್‌ನ ಬಾನೆಟ್ಟು, ಬಾಗಿಲು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಮ್ಮಿನವು. ಅರೆಬರೆ ತಿಳಿದವನು ಬಾನೆಟ್ಟಿನ ಮೇಲೆ ಆಯಸ್ಕಾಂತ ಇಟ್ಟು, ಅದು ನೆಲಕ್ಕೆ ಬಿದ್ದದ್ದೇ ‘ಮೋಸ, ಮೋಸ’ ಎಂದು ಕೂಗಿದರೆ, ಮಾರುವವನು ಸುಮ್ಮನೆ ನಗುತ್ತಾನೆ. ಬೆಲೆ ಇನ್ನೊಂದು ಲಕ್ಷ ಏರುವುದು ಆಗಲೇ!

ತ್ರಿಪುರಸುಂದರಿ ಅಮ್ಮನ ಗುಡಿಯ ಕಡೆಯ ಟೀ ಅಂಗಡಿಯಲ್ಲಿ ಇದರ ಫೋಟೋವನ್ನು ನಮ್ಮ ದೊಡ್ಡಪ್ಪನಿಗೆ ತೋರಿಸಿದೆ. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, ನಮ್ಮ ಸೀಮೆಯ ಮೊದಲ ಪ್ರಶ್ನೆಯನ್ನೇ ಕೇಳಿದರು: “ಎಷ್ಟ್ ಕೊಡ್ತದ ಮಗಾ?”

“ಮೈಲೇಜಿಗೆ ಕೊಳ್ಳೋದಲ್ಲ ದೊಡ್ಡಪ್ಪ. 105 ಎಚ್‌ಪಿ ಇಂಜಿನ್ನು.”

“ನಮ್ ಟ್ರಾಕ್ಟ್ರು 45. ಲೋಡ್ ಕಬ್ಬು ಎಳೀತದ. ಇದ್ರಲ್ಲಿ ಎಷ್ಟ್ ಜನ ಕೂರ್ಬೋದು?”

“ಇಬ್ಬರು.”

ಟೀ ಲೋಟ ಕೆಳಗಿಟ್ಟರು. ನಾನು ಕಾನೂನು ಬೇರೆ ಹೇಳಿಬಿಟ್ಟೆ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ತೆಗೆಯಬಹುದು, ಪೆಟ್ರೋಲ್ ಹಾಕಿಸಿಕೊಳ್ಳಲು ಬಂಕಿಗೆ ಹೋಗಿಬರಬಹುದು.

“ಅಂದ್ರ, ಪೆಟ್ರೋಲ್ ಆಕುಸ್ಕೊಳಕ್ಕ ಓಗೋದು, ಓಗಿದ್ದಕ್ಕ ಪೆಟ್ರೋಲ್ ಖರ್ಚಾಗೋದು. ಸರಿ ಬುಡು. ಟಾಪ್ ಯಾಕ್ ಬಿಚ್ಚೋದು?”

“ಗಾಳಿಗೆ.”

ಟ್ರೈಲರಿನಲ್ಲಿ ನಿಂತು ಜಾತ್ರೆಗೆ ಹೋಗಿಬಂದ ಮನುಷ್ಯನಿಗೆ ಈ ಉತ್ತರ ಕೊಟ್ಟದ್ದು ನನ್ನ ಧೈರ್ಯವೇ ಸರಿ. ಹಳೇ ಕಾರಿನ ಷೋಕಿಗೆ ಮರ್ಯಾದೆ ಉಳಿಸಲು ಧರ್ಮಸ್ಥಳದ ಕಾರ್ ಮ್ಯೂಸಿಯಂ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಎಲ್ಲದರ ಹೆಸರು ಹೇಳಿದೆ. ಅದಕ್ಕೂ ಅವರು ಜಗ್ಗಲಿಲ್ಲ. ಕೊನೆಗೆ ಅರಮನೆಯನ್ನೇ ಎಳೆದು ತಂದೆ.

“ನಮ್ಮ ಮೈಸೂರು ಮಹಾರಾಜರು ರೋಲ್ಸ್‌ರಾಯ್ಸ್ ಕಾರುಗಳನ್ನ ಒಂದೇ ಸಲಕ್ಕೆ ಏಳೇಳು ತಗೋತಿದ್ರಂತೆ ದೊಡ್ಡಪ್ಪ!”

ಮಹಾರಾಜರ ಹೆಸರು ಬಂದದ್ದೇ ಟವೆಲ್ ಹೆಗಲಿನಿಂದ ಕಂಕುಳಿಗೆ ಇಳಿಯಿತು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಏಳಾ? ಮೂರು ಜೊತ ಆಯ್ತು. ಇನ್ನೊಂದ್ ಒಂಟೀನ ಏನ್ ಮಾಡ್ತಿದ್ರು ಬುದ್ಯೋರು?”