ಒಂದು ಬಾಳೆಹಣ್ಣು, ಎಂಟು ಕೈ

(ವಿಜಯಪುರ ಬಸ್ ನಿಲ್ದಾಣ. ಯವ್ವನ ಕೈಯಲ್ಲಿ ಹಣ್ಣು, ಅದನ್ನು ಹಿಡಿದ ದಾನಿಗಳು, ಎದುರಿಗೆ ಕ್ಯಾಮೆರಾ.)

ಧಣಿ: ಯವ್ವಾ, ಸ್ವಲ್ಪ ಹಸದ ಮಾರಿ ಮಾಡು.

ಯವ್ವ: ಮಾಡೂದ್ಯಾಕ್ರಿ, ಇದ್ದದ್ದ ಐತಿ. ನಿಮ್ಮ ತಿಕೋಟಾ ತೋಟದಾಗ ದ್ರಾಕ್ಷಿ ಹರದ ಪಗಾರ ಇನ್ನೂ ಬಂದಿಲ್ಲ.

ಧಣಿ: ಅದು ಲೆಕ್ಕ, ಇದು ದಾನ! ಕೂಡಿಸಬ್ಯಾಡ.

ಯವ್ವ: ಬಬಲೇಶ್ವರದ ಮದವ್ಯಾಗ ಉಳದ ಹುಗ್ಗಿ?

ಧಣಿ: ತಿಪ್ಪಿಗೆ ಹೋತು. ಹಂಚೂದನ್ನ ಉದ್ಘಾಟನೆ ಮಾಡಾಕ ಯಾರೂ ಸಿಗಲಿಲ್ಲ.

ಯವ್ವ: 2013ರಿಂದ ಅನ್ನಭಾಗ್ಯ ಐತ್ರಿ. ಸರ್ಕಾರ ಹೆಬ್ಬಟ್ಟಷ್ಟ ಕೇಳ್ತೈತಿ. ನೀವು ಮಾರೀನೂ ಕೇಳ್ತೀರಿ.

ಧಣಿ: ಹಂಗಾರ ಬಡತನ ಕಳ್ಯಾಕ ಸಣ್ಣದೊಂದು ದಾರಿ ಹೇಳು.

ಯವ್ವ: ವಾರಕ್ಕ ಸರಿಯಾಗಿ ಪಗಾರ ಕೊಡ್ರಿ. ರೊಟ್ಟಿ ಮಾರಾಕಿ ಕೂಡ ಚೌಕಾಸಿ ಬಿಡ್ರಿ. ಉಳದ ಊಟ ಹಳಸೂದ್ರೊಳಗ ಹಂಚ್ರಿ.

ಧಣಿ: ಇಷ್ಟ ಸಣ್ಣದ? ಬ್ಯಾನರಿಗೆ ಸಾಲೂದಿಲ್ಲ ಬಿಡು!